ಒಂದೇ ಹುಳ, ಮೈ ಮಾತ್ರ ಬೇರೆ

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಿಂದ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಈ ಅಂಕಣಕ್ಕೆ ಪತ್ರ ಬರೆದಿದ್ದಾಳೆ. ತನ್ನ ಹೆಸರನ್ನಾಗಲಿ ಊರನ್ನಾಗಲಿ ಅಚ್ಚು ಹಾಕಬಾರದೆಂದು ಕೇಳಿಕೊಂಡಿದ್ದಾಳೆ. ಅವಳ ಅಜ್ಜಿಗೆ ಬಹಳ ವರ್ಷಗಳಿಂದ ಆನೆಕಾಲು. ಅಕ್ಕನಿಗೆ ಒಳ್ಳೆಯ ಸಂಬಂಧವೊಂದು ಬಂದಿತ್ತು. ಗಂಡಿನ ಕಡೆಯವರು ಮನೆ ನೋಡಲು ಬಂದಾಗ ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿಯ ಕಾಲು ಅವರ ಕಣ್ಣಿಗೆ ಬಿತ್ತು. ಚಹಾ ಕುಡಿದು ಹೋದವರು ಮರಳಿ ಬರಲಿಲ್ಲ. ‘ಅದು ಅವರ ವಂಶದಾಗ ಅದ’ ಎಂಬ ಮಾತು ಮಾತ್ರ ಊರಿಗೆ ಬಂತು. ಅಂದಿನಿಂದ ಮನೆಗೆ ಯಾರೇ ಬಂದರೂ ಅಜ್ಜಿ ತಾನಾಗಿಯೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾಳಂತೆ.

ಹುಡುಗಿಯ ಪ್ರಶ್ನೆ ಹೀಗಿದೆ: ‘ಆನೆಕಾಲು ಸೊಳ್ಳೆಯಿಂದ ಬರುತ್ತದೆ ಎಂದು ನಮ್ಮ ಪುಸ್ತಕದಲ್ಲಿದೆ. ಆದರೆ ಅದೇ ಮನೆಯಲ್ಲಿ, ಅದೇ ಸೊಳ್ಳೆಗಳಿಂದ ಕಚ್ಚಿಸಿಕೊಂಡ ನಮ್ಮ ಅಜ್ಜನಿಗೆ ಏನೂ ಆಗಲಿಲ್ಲ. ಕೆಲವರಿಗೆ ಬಂದು ಕೆಲವರಿಗೆ ಬಾರದಿರುವುದಕ್ಕೆ ವಂಶವಾಹಿಗಳೂ ಒಂದು ಕಾರಣ ಎಂದು ನಮ್ಮ ಸರ್ ಹೇಳಿದರು. ಹಾಗಾದರೆ ಗಂಡಿನ ಕಡೆಯವರು ಅಂದದ್ದು ನಿಜವೇ?’

ಅಲ್ಲ ಮಗಳೇ. ಪುಸ್ತಕ ಹೇಳಿದ್ದೂ ಸರಿ, ನಿನ್ನ ಮೇಷ್ಟರು ಹೇಳಿದ್ದೂ ಸರಿ. ತಪ್ಪಿದವರು ಗಂಡಿನ ಕಡೆಯವರು ಮಾತ್ರ. ಎರಡು ಸರಿಯಾದ ಮಾತುಗಳು ಸೇರಿದರೆ ಮೂರನೆಯ ತಪ್ಪು ಮಾತು ಏಕೆ ಹುಟ್ಟಬಾರದು ಎಂಬುದನ್ನು ತಿಳಿಯಲು ಸ್ವಲ್ಪ ಸಾವಧಾನ ಬೇಕು. ತಂದೆ ತಾಯಂದಿರೂ ಜೊತೆಯಲ್ಲಿ ಕುಳಿತು ಓದಿದರೆ ಒಳ್ಳೆಯದು.

ದೇವದುರ್ಗದ ಕುರಿ ಕಲಿಸಿದ ಪಾಠ

ಮೊದಲು ಒಂದು ಕುರಿಯ ಕಥೆ. ಕೆಲವು ವರ್ಷಗಳ ಹಿಂದೆ ದೇವದುರ್ಗದ ಕಡೆ ಹೋಗಿದ್ದೆ. ಸುಗ್ಗಿ ಮುಗಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಕುರಿಗಾಹಿ ಹಿರಿಯರು ಒಂದೊಂದೇ ಕುರಿಯನ್ನು ಹಿಡಿದು, ಅದರ ಕೆಳರೆಪ್ಪೆ ಮಗುಚಿ ಕಣ್ಣಿನ ಬಣ್ಣ ನೋಡುತ್ತಿದ್ದರು. ಕೆಂಪಗಿದ್ದರೆ ಬಿಡುವುದು, ಬಿಳಿಚಿಕೊಂಡಿದ್ದರೆ ಬೇರೆ ಕಟ್ಟುವುದು. ಬಿಳಿಚಿದ ಕಣ್ಣೆಂದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ ಇದೆಯೆಂದು ಗುರುತು. ಹೀಮಾಂಕಸ್ ಎಂಬ ಈ ಹುಳ ಕುರಿಯ ನಾಲ್ಕನೆಯ ಹೊಟ್ಟೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹೆಣ್ಣು ಹುಳ ದಿನವೊಂದಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಹಿಕ್ಕೆಯ ಜೊತೆ ಹುಲ್ಲಿಗೆ ಬಿದ್ದ ಮೊಟ್ಟೆ ಮರಿಯಾಗಿ, ಮೇಯುವ ಮುಂದಿನ ಕುರಿಯ ಹೊಟ್ಟೆ ಸೇರುತ್ತದೆ.

ಆ ಹಿರಿಯರು ಒಂದು ಹೆಣ್ಣು ಕುರಿಯನ್ನು ತೋರಿಸಿ ಹೇಳಿದರು: ‘ಎಲ್ಲಾ ಒಂದ ಹುಲ್ಲ ಮೇಯ್ತಾವ್ರಿ ಸರ, ಒಂದ ಹಳ್ಳದ ನೀರ ಕುಡೀತಾವ. ಆದ್ರ ಇದಕ್ಕ ಹುಳದ ಬಾಧಿ ಇಲ್ಲರಿ. ಇದರ ತಾಯಿಗೂ ಇರಲಿಲ್ಲ, ಇದರ ಮರಿಗೂ ಇಲ್ಲ. ಹಂಗಂತ ಔಷಧ ಕುಡಿಸೋದು ಬಿಡಂಗಿಲ್ರಿ.’

ಈ ನಾಲ್ಕು ಮಾತುಗಳಲ್ಲಿ ಇಂದಿನ ನಮ್ಮ ಪಾಠವೆಲ್ಲ ಅಡಗಿದೆ. ಕೊನೆಯ ಮಾತನ್ನು ವಿಶೇಷವಾಗಿ ನೆನಪಿಟ್ಟುಕೊಳ್ಳಿ.

ಕುರಿಗಾಹಿಯ ಕಣ್ಣಿಗೆ ಕಂಡದ್ದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಬಂಗಾಳದ ಸುಂದರಬನದಲ್ಲಿ ಗರೋಲ್ ಎಂಬ ಗಿಡ್ಡ ಜಾತಿಯ ಕುರಿಯುಂಟು. ಕೆಸರು ನೀರಿನಲ್ಲಿ ನಿಂತು ಮೇಯುವ ಪ್ರಾಣಿ. ಅಂಥ ತೇವದ ನೆಲದಲ್ಲಿ ಹುಳದ ಕಾಟ ತಡೆಯಲಾರದವು ಉಳಿಯುವುದು ಕಷ್ಟ, ತಡೆದುಕೊಂಡವು ಮರಿ ಹಾಕಿ ವಂಶ ಬೆಳೆಸಿದವು. ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಈ ಗರೋಲ್ ಕುರಿಯನ್ನು ನಮ್ಮ ದಖ್ಖನಿ ಮತ್ತು ಬನ್ನೂರು ಕುರಿಗಳ ಜೊತೆ ಕೂಡಿಸಿ ನೋಡಿದರು. ಹಿಕ್ಕೆಯಲ್ಲಿನ ಹುಳದ ಮೊಟ್ಟೆಗಳನ್ನು ಎಣಿಸಿದಾಗ ಗರೋಲ್ ರಕ್ತವಿದ್ದ ಮರಿಗಳಲ್ಲಿ ಮೊಟ್ಟೆ ಕಡಿಮೆ ಕಂಡಿತು. ಮೇವು ಒಂದೇ, ಹುಳವೂ ಒಂದೇ. ವ್ಯತ್ಯಾಸ ತಂದದ್ದು ತಂದೆ ತಾಯಿಯಿಂದ ಬಂದ ವಂಶವಾಹಿ.

ವಂಶವಾಹಿ ಹುಳವನ್ನು ತಾನಾಗಿ ಕೊಲ್ಲುವುದಿಲ್ಲ. ಅದೊಂದು ಬರಹ ಅಷ್ಟೇ. ಆ ಬರಹವನ್ನು ಓದಿ ಕೆಲಸ ಮಾಡುವವರು ಮೈಯೊಳಗಿನ ಕಾವಲುಗಾರರಾದ ಬಿಳಿರಕ್ತಕಣಗಳು. ತಡೆಯುವ ಶಕ್ತಿಯುಳ್ಳ ಕುರಿಯಲ್ಲಿ ಹುಳದ ಮರಿ ಹೊಟ್ಟೆಗೆ ಇಳಿದೊಡನೆ ಇಯೊಸಿನೊಫಿಲ್, ಮಾಸ್ಟ್ ಕಣ ಮೊದಲಾದವು ಆ ಜಾಗಕ್ಕೆ ಧಾವಿಸುತ್ತವೆ, ಹುಳ ನೆಲೆಯೂರಲು ಬಿಡುವುದಿಲ್ಲ. ಇನ್ನೊಂದು ಕುರಿಯಲ್ಲಿ ಅದೇ ಕಣಗಳು ತಡವಾಗಿ ಏಳುತ್ತವೆ, ಅಷ್ಟರಲ್ಲಿ ಹುಳ ಸಂಸಾರ ಹೂಡಿರುತ್ತದೆ.

ಕಾಲಿನೊಳಗಿನ ದಾರ

ಈಗ ಮನುಷ್ಯರ ಕಡೆ ಬರೋಣ. ಕರ್ನಾಟಕದಲ್ಲಿ ಆನೆಕಾಲು ರೋಗದ ನೆಲೆಯೆಂದು ಗುರುತಾದ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರೂ ಸೇರಿತ್ತು. ಕಲಬುರ್ಗಿ, ಬೀದರ, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿ ಜಿಲ್ಲೆಗಳೂ ಇದ್ದವು. ಈ ರೋಗ ತರುವುದು ವುಚೆರೇರಿಯಾ ಎಂಬ ದಾರದಂತಹ ಹುಳ. ಹೆಣ್ಣು ಹುಳ 8ರಿಂದ 10 ಸೆಂಟಿಮೀಟರ್ ಉದ್ದವಿದ್ದರೂ ಕೂದಲಿನಷ್ಟು ಸಣ್ಣ. ನಮ್ಮ ಮೈಯಲ್ಲಿ ರಕ್ತನಾಳಗಳಂತೆಯೇ ದುಗ್ಧರಸ ಹರಿಯುವ ನಾಳಗಳಿವೆ. ಹುಳ ಅಲ್ಲಿ ಮನೆ ಮಾಡಿಕೊಂಡು ನಾಲ್ಕರಿಂದ ಆರು ವರ್ಷಗಳ ಕಾಲ ಲಕ್ಷಾಂತರ ಮರಿಗಳನ್ನು ಹಾಕುತ್ತದೆ. ಈ ಮರಿಗಳಿಗೆ ಮೈಕ್ರೊಫೈಲೇರಿಯಾ ಎಂದು ಹೆಸರು. ಹಗಲಿನಲ್ಲಿ ಅವು ಶ್ವಾಸಕೋಶದ ಒಳನಾಳಗಳಲ್ಲಿ ಅಡಗಿದ್ದು, ರಾತ್ರಿ ಹತ್ತರಿಂದ ಎರಡು ಗಂಟೆಯ ಸುಮಾರಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತೂ ಅದೇ. ಆರೋಗ್ಯ ಇಲಾಖೆಯವರು ನಡುರಾತ್ರಿ ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗುತ್ತಿದ್ದುದು ಇದೇ ಕಾರಣಕ್ಕೆ. ಜನ ಬೈಯುತ್ತಿದ್ದರು, ಆದರೆ ಹಗಲು ತೆಗೆದ ರಕ್ತದಲ್ಲಿ ಹುಳ ಸಿಗುವುದಿಲ್ಲ.

1872ರಲ್ಲಿ ಕಲ್ಕತ್ತೆಯಲ್ಲಿ ಟಿಮೊತಿ ಲೂಯಿಸ್ ಎಂಬ ವೈದ್ಯ ಈ ಮರಿಗಳನ್ನು ಮನುಷ್ಯನ ರಕ್ತದಲ್ಲಿ ಕಂಡ. 1877ರಲ್ಲಿ ಚೀನಾದ ಅಮಾಯ್ ಪಟ್ಟಣದಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯ ಮೈಯಲ್ಲಿ ಬೆಳೆಯುವುದನ್ನು ತೋರಿಸಿದ. ರೋಗವೊಂದರ ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುತ್ತದೆಂಬ ಮಾತು ಹೀಗೆ ಹೊರಬಿತ್ತು. ಕ್ಯೂಲೆಕ್ಸ್ ಹುಟ್ಟುವುದು ಕೊಳಚೆ ನೀರಿನಲ್ಲಿ. ರಾಯಚೂರು ನಗರದ ತೆರೆದ ಚರಂಡಿ, ಮುಚ್ಚಳ ಸರಿಯಿಲ್ಲದ ಪಾಯಖಾನೆ ಗುಂಡಿ, ಹಳ್ಳಿಯ ಬಚ್ಚಲ ನೀರು ನಿಂತ ತಗ್ಗು ಇವೆಲ್ಲ ಅದರ ತವರುಮನೆ.

ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲೂ ಇದೆ. ಪುಸ್ತಕ ಅವಸರದಲ್ಲಿ ದಾಟಿಹೋಗುವ ಮಾತೊಂದಿದೆ. ಹುಳ ಸೇರಿದವರಲ್ಲಿ ಹೆಚ್ಚಿನವರಿಗೆ ಕಾಲು ಬಾಯುವುದೇ ಇಲ್ಲ!

ಮೂರು ಬಗೆಯ ಜನ

ರೋಗವಿರುವ ಊರೊಂದರ ಜನರನ್ನು ಪರೀಕ್ಷಿಸಿದರೆ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ. ವರ್ಷಗಟ್ಟಲೆ ಸೊಳ್ಳೆ ಕಚ್ಚಿದರೂ ಹುಳ ನೆಲೆಯೂರದವರು ಮೊದಲನೆಯವರು. ರಕ್ತದ ತುಂಬ ಹುಳದ ಮರಿಗಳಿದ್ದರೂ ಗಟ್ಟಿಮುಟ್ಟಾಗಿ ಓಡಾಡುವವರು ಎರಡನೆಯವರು. ಕಾಲು, ಕೈ ಅಥವಾ ವೃಷಣ ಬಾತವರು ಮೂರನೆಯವರು. ಈ ಮೂರನೆಯವರ ರಕ್ತ ಪರೀಕ್ಷಿಸಿದರೆ ಬಹಳ ಸಲ ಒಂದು ಮರಿಯೂ ಸಿಗುವುದಿಲ್ಲ.

ಇದು ತಲೆಕೆಳಗಾದ ಲೆಕ್ಕದಂತೆ ಕಾಣುತ್ತದೆ. ಹುಳ ಹೆಚ್ಚಿದ್ದವನು ಆರಾಮ, ಹುಳ ಕಾಣದವನಿಗೆ ಆನೆಕಾಲು. ಇದರ ಗುಟ್ಟು ಬಿಳಿರಕ್ತಕಣಗಳ ನಡತೆಯಲ್ಲಿದೆ.

ಆರಾಮವಾಗಿರುವವನ ಟಿ ಕಣಗಳು ಹುಳದ ವಸ್ತುಗಳನ್ನು ಕಂಡರೂ ಕಾಣದಂತೆ ಇರುತ್ತವೆ. ಅವನ ಮೈಯಲ್ಲಿ ಇಂಟರ್‌ಲ್ಯೂಕಿನ್-10 ಎಂಬ, ಜಗಳ ಬಿಡಿಸುವ ಹಿರಿಯನಂತಹ ರಾಸಾಯನಿಕ ಹೆಚ್ಚಾಗಿರುತ್ತದೆ. ‘ಹೋಗಲಿ ಬಿಡ್ರಪ್ಪ’ ಎಂದು ಅದು ಕಾವಲುಗಾರರನ್ನು ಕೂಡಿಸಿಬಿಡುತ್ತದೆ. ಹುಳಕ್ಕೂ ಮೈಗೂ ಒಂದು ಬಗೆಯ ರಾಜಿ. ಕಾಲು ಬಾತವರ ಮೈಯಲ್ಲಿ ಈ ರಾಜಿ ಇಲ್ಲ. ಅಲ್ಲಿ ಕಣಗಳು ಹುಳದ ಮೇಲೆ ಏರಿಹೋಗುತ್ತವೆ. ಹುಳ ಸಾಯುವಾಗ ಅದರ ಮೈಯೊಳಗೆ ವಾಸಿಸುವ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾಗಳೂ ಹೊರಚೆಲ್ಲಿ ಜಗಳಕ್ಕೆ ತುಪ್ಪ ಸುರಿಯುತ್ತವೆ. ಈ ಕಾಳಗ ನಡೆಯುವುದು ಬಯಲಿನಲ್ಲಲ್ಲ, ಕೂದಲೆಳೆಯಂತಹ ದುಗ್ಧನಾಳದ ಒಳಗೆ. ನಾಳ ಹಿಗ್ಗಿ, ಒಳಗೋಡೆ ಗಡುಸಾಗಿ, ರಸ ಹರಿಯದೆ ನಿಲ್ಲುತ್ತದೆ. ಕಾಲುವೆಯ ತೂಬು ಕಟ್ಟಿದರೆ ಹೊಲ ಜೌಗು ಹಿಡಿಯುವಂತೆ ಕಾಲು ಜೌಗು ಹಿಡಿಯುತ್ತದೆ. ಅದಾದ ಮೇಲೆ ಬೆರಳ ಸಂದಿಯ ಸಣ್ಣ ಗಾಯದಿಂದ ಹೊರಗಿನ ಬ್ಯಾಕ್ಟೀರಿಯಾ ಸೇರಿ, ಪದೇಪದೇ ಚಳಿಜ್ವರ ಬಂದು, ಒಂದೊಂದು ಜ್ವರಕ್ಕೂ ಬಾವು ಒಂದೊಂದು ಸುತ್ತು ಹೆಚ್ಚುತ್ತದೆ.

ಪತ್ರ ಬರೆದ ಹುಡುಗಿ ಇಲ್ಲೊಂದು ಮಾತು ಗಮನಿಸಬೇಕು. ‘ಅಜ್ಜನಿಗೆ ಏನೂ ಆಗಲಿಲ್ಲ’ ಎಂದು ಅವಳು ಬರೆದಿದ್ದಾಳೆ. ಕಾಲು ಬಾಯಲಿಲ್ಲ ಎಂದಷ್ಟೇ ಅದರ ಅರ್ಥ. ಅಜ್ಜ ಮೊದಲನೆಯ ಬಗೆಯವನೋ ಎರಡನೆಯ ಬಗೆಯವನೋ ನಮಗೆ ತಿಳಿಯದು. ಎರಡನೆಯವನಾಗಿದ್ದರೆ, ಊರ ಸೊಳ್ಳೆಗಳಿಗೆ ಹುಳ ಉಣಿಸಿದವನು ಕಾಲು ಬಾತ ಅಜ್ಜಿಯಲ್ಲ, ಯಾರೂ ಬೆರಳು ತೋರಿಸದ ಅಜ್ಜ.

ಇಲಿ, ಜಂತುಹುಳ ಮತ್ತು ಒಂದು ದ್ವೀಪ

ಒಬ್ಬನ ಕಣಗಳು ರಾಜಿಗೆ ಒಪ್ಪುವುದು, ಇನ್ನೊಬ್ಬನವು ಕಾದಾಡುವುದು ಏಕೆ? ಇದಕ್ಕೆ ಉತ್ತರದ ಮೊದಲ ಸುಳಿವು ಪ್ರಯೋಗಶಾಲೆಯ ಇಲಿಗಳಿಂದ ಸಿಕ್ಕಿತು. ಲೀಶ್ಮೇನಿಯಾ ಎಂಬ ಪರೋಪಜೀವಿಯನ್ನು ಎರಡು ತಳಿಯ ಇಲಿಗಳಿಗೆ ಚುಚ್ಚಿದರೆ ಒಂದು ತಳಿ ಗುಣವಾಗುತ್ತದೆ, ಇನ್ನೊಂದು ಸಾಯುತ್ತದೆ. 1986ರಲ್ಲಿ ಮಾಸ್‌ಮನ್ ಮತ್ತು ಕಾಫ್‌ಮನ್ ಎಂಬ ವಿಜ್ಞಾನಿಗಳು ಸಹಾಯಕ ಟಿ ಕಣಗಳಲ್ಲಿ ಎರಡು ಪಂಗಡಗಳಿವೆ ಎಂದು ತೋರಿಸಿದ್ದರು. ಮೊದಲ ಪಂಗಡ ಭಕ್ಷಕ ಕಣಗಳನ್ನು ಎಚ್ಚರಿಸಿ ಜೀವಕೋಶದೊಳಗೆ ಅಡಗಿದ ಶತ್ರುವನ್ನು ಕೊಲ್ಲಿಸುತ್ತದೆ. ಎರಡನೆಯದು ಹೊಟ್ಟೆಹುಳದಂತಹ ದೊಡ್ಡ ಶತ್ರುವಿಗೆ ತಕ್ಕದ್ದು. ಗುಣವಾದ ಇಲಿಗಳಲ್ಲಿ ಮೊದಲ ಪಂಗಡ ಮುಂದೆ ಬಂದಿತ್ತು. ಸತ್ತ ಇಲಿಗಳಲ್ಲಿ ಎರಡನೆಯದು ಮುಂದೆ ನುಗ್ಗಿತ್ತು. ಅವುಗಳಿಗೆ ಸೈನ್ಯದ ಕೊರತೆ ಇರಲಿಲ್ಲ, ಹೋದ ಸೈನ್ಯ ಬೇರೆಯಾಗಿತ್ತು. ಯಾವ ಸೈನ್ಯ ಹೊರಡಬೇಕೆಂಬ ಒಲವು ತಳಿಯ ವಂಶವಾಹಿಗಳಲ್ಲಿತ್ತು.

ಮನುಷ್ಯರನ್ನು ಇಲಿಗಳಂತೆ ಪರೀಕ್ಷಿಸಲಾಗದು. ಆದ್ದರಿಂದ ವಿಜ್ಞಾನಿಗಳು ನೆಂಟಸ್ತಿಕೆಯ ಜಾಡು ಹಿಡಿದರು. ಪೂರ್ವ ನೇಪಾಳದ ಜಿರಿ ಎಂಬಲ್ಲಿ ಜಿರೆಲ್ ಜನ ವಾಸವಾಗಿದ್ದಾರೆ. ಸಾವಿರಕ್ಕೂ ಹೆಚ್ಚು ಜನರ ಬಂಧುತ್ವವನ್ನು ಒಂದೇ ದೊಡ್ಡ ವಂಶವೃಕ್ಷವಾಗಿ ಬರೆದು, ಔಷಧ ಕೊಟ್ಟಾಗ ಪ್ರತಿಯೊಬ್ಬರಿಂದ ಬಿದ್ದ ಜಂತುಹುಳಗಳನ್ನು ಎಣಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಬ್ಬರಲ್ಲಿ ಹೆಚ್ಚು ಹುಳ ಇನ್ನೊಬ್ಬರಲ್ಲಿ ಕಡಿಮೆ ಎಂಬ ವ್ಯತ್ಯಾಸದ ಶೇಕಡಾ 30ರಿಂದ 50ರಷ್ಟಕ್ಕೆ ವಂಶವಾಹಿಗಳು ಕಾರಣ. ಒಂದೇ ಸೂರಿನಡಿ ಇರುವುದರ ಪ್ರಭಾವ ಅದಕ್ಕಿಂತ ಬಹಳ ಕಡಿಮೆ. ಆನೆಕಾಲಿನ ಹುಳದ ಬಗೆಗೂ ಇಂಥ ಕೆಲಸ ನಡೆದಿದೆ. ಶಾಂತಸಾಗರದ ಕುಕ್ ದ್ವೀಪಗಳಲ್ಲಿ ಒಂದಾದ ಮೌಕೆಯ ಜನರ ವಂಶಾವಳಿ ಹಿಡಿದು ನೋಡಿದಾಗ, ಹುಳಕ್ಕೆ ಮೈ ತೋರುವ ಪ್ರತಿಕ್ರಿಯೆಯಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದೆಂದು 2009ರಲ್ಲಿ ವರದಿಯಾಯಿತು.

ಅದೇ ಮೌಕೆ ದ್ವೀಪ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಅಲ್ಲಿನ ತಾಯಂದಿರ ರಕ್ತವನ್ನು ಹಿಂದೊಮ್ಮೆ ಪರೀಕ್ಷಿಸಲಾಗಿತ್ತು. ಹದಿನೇಳು ಹದಿನೆಂಟು ವರ್ಷಗಳ ನಂತರ ಅವರ ಮಕ್ಕಳ ಬಿಳಿಕಣಗಳನ್ನು ಪರೀಕ್ಷಿಸಿದಾಗ ಒಂದು ಸಂಗತಿ ಕಂಡಿತು. ರಕ್ತದಲ್ಲಿ ಹುಳದ ಮರಿಗಳಿದ್ದ ತಾಯಂದಿರ ಮಕ್ಕಳಲ್ಲಿ ಟಿ ಕಣಗಳು ಹುಳದ ವಸ್ತುವಿಗೆ ಮಂದವಾಗಿ ಪ್ರತಿಕ್ರಿಯಿಸುತ್ತಿದ್ದವು. ಹೊಟ್ಟೆಯಲ್ಲಿದ್ದಾಗಲೇ ಕೂಸಿನ ಕಣಗಳು ಈ ಹುಳದ ಗುರುತು ಹಿಡಿದು, ಇದು ಮನೆಯವರೇ ಎಂದು ತಿಳಿದುಬಿಟ್ಟಿದ್ದವು. 1994ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದೇನು? ತಾಯಿಯಿಂದ ಮಗುವಿಗೆ ಬಂದದ್ದೆಲ್ಲ ವಂಶವಾಹಿಯಲ್ಲ. ಇಲ್ಲಿ ಬಂದದ್ದು ಒಂದು ಅಭ್ಯಾಸ. ಗರ್ಭಿಣಿಯಾಗುವ ಮೊದಲೇ ಆ ತಾಯಿಗೆ ಔಷಧ ಸಿಕ್ಕಿದ್ದರೆ ಅದೂ ಬರುತ್ತಿರಲಿಲ್ಲ. ‘ಮನೆತನದಲ್ಲಿದೆ’ ಎಂದು ನಾವು ಕರೆಯುವ ಎಷ್ಟೋ ಸಂಗತಿಗಳು ಹೀಗೆ ರಕ್ತದ್ದಲ್ಲ, ಬಾಳಿನವು.

ಮಲೇರಿಯಾ ಹೇಳುವ ಸಾಕ್ಷಿ

ಮಲೇರಿಯಾ ನಮಗೆ ಹೊಸದಲ್ಲ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಸಿಕಂದರಾಬಾದಿನಲ್ಲಿ. ಆಗ ರಾಯಚೂರು ಅದೇ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ವಂಶವಾಹಿಗೂ ರೋಗನಿರೋಧಕ ಕಣಕ್ಕೂ ಇರುವ ನಂಟು ಬಹಳ ಸ್ಪಷ್ಟವಾಗಿ ಕಂಡ ರೋಗಗಳಲ್ಲಿ ಇದೂ ಒಂದು. ನಮ್ಮ ಆರನೆಯ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿದೆ. ಜೀವಕೋಶದೊಳಗೆ ಶತ್ರು ಸೇರಿಕೊಂಡರೆ ಅದರ ಒಂದು ಚೂರನ್ನು ಬಾಗಿಲಿಗೆ ತೂಗುಹಾಕಿ ಟಿ ಕಣಗಳಿಗೆ ತೋರಿಸುವುದು ಇವುಗಳ ಕೆಲಸ. ಆಫ್ರಿಕದ ಗ್ಯಾಂಬಿಯಾ ದೇಶದ ಮಕ್ಕಳಲ್ಲಿ ಎಚ್‌ಎಲ್‌ಎ-ಬಿ53 ಎಂಬ ಬಗೆ ಇದ್ದವರಿಗೆ ಮಾರಕ ಮಲೇರಿಯಾ ಬರುವುದು ಕಡಿಮೆ ಎಂದು 1991ರಲ್ಲಿ ಏಡ್ರಿಯನ್ ಹಿಲ್ ಮತ್ತು ಸಂಗಡಿಗರು ತೋರಿಸಿದರು.

ಪಶ್ಚಿಮ ಆಫ್ರಿಕದ ಫುಲಾನಿ ಜನರ ಕಥೆ ಇನ್ನೂ ಸ್ವಾರಸ್ಯದ್ದು. ಇವರು ದನಗಾಹಿಗಳು. ಬುರ್ಕಿನಾ ಫಾಸೊದಲ್ಲಿ ಇವರೂ ಮೋಸ್ಸಿ ಎಂಬ ಒಕ್ಕಲು ಜನರೂ ಅಕ್ಕಪಕ್ಕದಲ್ಲೇ ಬಾಳುತ್ತಾರೆ, ಸೊಳ್ಳೆಗಳೂ ಅವೇ. ಆದರೆ ಫುಲಾನಿಗಳ ರಕ್ತದಲ್ಲಿ ಮಲೇರಿಯಾ ಪರೋಪಜೀವಿ ಕಡಿಮೆ ಎಂದು 1990ರ ದಶಕದಲ್ಲೇ ಕಂಡುಬಂದಿತ್ತು. ಮುಂದೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕು ತಗುಲಿದ ಫುಲಾನಿಗಳ ಮಾನೊಸೈಟ್ ಎಂಬ ಬಿಳಿಕಣಗಳು ನೆರೆಯವರ ಕಣಗಳಿಗಿಂತ ಹೆಚ್ಚು ಚುರುಕಾಗಿ ಎಚ್ಚರಗೊಳ್ಳುವುದು ಕಂಡಿತು. ಹಾಗೆಂದು ಫುಲಾನಿಗಳಿಗೆ ಮಲೇರಿಯಾ ಬಾರದೆಂದಲ್ಲ. ಅವರಿಗೂ ಸೊಳ್ಳೆಪರದೆ ಬೇಕು.

ಬೀಜ, ಮಳೆ ಮತ್ತು ಶೇಕಡಾವಾರು

ವಿದ್ಯಾರ್ಥಿಗಳು ಇಲ್ಲಿ ಒಂದು ತಪ್ಪು ಮಾಡುವುದುಂಟು. ‘ಶೇಕಡಾ 50 ವಂಶವಾಹಿ’ ಎಂದರೆ ‘ನನ್ನ ರೋಗದಲ್ಲಿ ಅರ್ಧ ನನ್ನ ಅಪ್ಪ ಕೊಟ್ಟದ್ದು’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಹಾಗಲ್ಲ. ನಮ್ಮ ಎರೆಹೊಲದಲ್ಲಿ ಎರಡು ಬಗೆಯ ಬಿಳಿಜೋಳ ಬಿತ್ತಿದ್ದೇವೆ ಎನ್ನಿ. ಮಳೆ ಎಲ್ಲ ಕಡೆ ಸಮನಾಗಿ ಬಿದ್ದರೆ, ಒಂದು ಸಾಲು ಎತ್ತರ ಇನ್ನೊಂದು ಗಿಡ್ಡ ಎಂಬ ವ್ಯತ್ಯಾಸಕ್ಕೆ ಬೀಜವೇ ಕಾರಣ ಎನ್ನಬಹುದು. ಆದರೆ ಮಳೆಯೇ ಬಾರದಿದ್ದರೆ? ಎತ್ತರದ ಬೀಜವೂ ಏಳುವುದಿಲ್ಲ, ಗಿಡ್ಡದ್ದೂ ಏಳುವುದಿಲ್ಲ. ಮೈ ಎಂಬುದು ಬೀಜ, ಹುಳ ಎಂಬುದು ಮಳೆ. ಜನರ ನಡುವಿನ ವ್ಯತ್ಯಾಸವನ್ನು ವಂಶವಾಹಿ ವಿವರಿಸುತ್ತದೆ, ರೋಗವನ್ನು ಹುಟ್ಟಿಸುವುದಿಲ್ಲ. ಹುಳವಿಲ್ಲದ ಊರಿನಲ್ಲಿ ಎಂಥ ವಂಶವಾಹಿ ಇದ್ದರೂ ಈ ಹುಳದ ಆನೆಕಾಲು ಬರಲಾರದು.

ಇದಕ್ಕೆ ನಮ್ಮ ನೆಲದಲ್ಲೇ ಪುರಾವೆ ಇದೆ. ಉತ್ತರ ಕರ್ನಾಟಕದ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಮೆಟ್ಟಿಲು ಬಾವಿಗೆ ಇಳಿದು ನೀರು ತರುತ್ತಿದ್ದ ಕಾಲದಲ್ಲಿ ಕಾಲಿನಿಂದ ಗೇಣುಗಟ್ಟಲೆ ಹುಳ ಹೊರಬರುತ್ತಿತ್ತು. ನೀರು ಸೋಸುವುದನ್ನು ಕಲಿಸಿದರು, ಮೆಟ್ಟಿಲು ಬಾವಿಗಳ ಬಳಕೆ ತಪ್ಪಿಸಿದರು, ಕೈಪಂಪು ಹಾಕಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ತಾನದಲ್ಲಿ ಕಂಡಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಷ್ಟು ವರ್ಷಗಳಲ್ಲಿ ನಮ್ಮ ಯಾರ ವಂಶವಾಹಿಯೂ ಬದಲಾಗಲಿಲ್ಲ. ಬದಲಾದದ್ದು ಬಾವಿ.

ಮಾತ್ರೆ ಯಾಕೆ ಎನ್ನುವ ತಾಯಂದಿರಿಗೆ

ಆನೆಕಾಲಿನ ಹುಳಕ್ಕೂ ಇದೇ ಗತಿ ಕಾಣಿಸಬಹುದು. 2004ರಿಂದ ನಮ್ಮ ದೇಶದಲ್ಲಿ ರೋಗವಿರುವ ಜಿಲ್ಲೆಗಳ ಎಲ್ಲರಿಗೂ ವರ್ಷಕ್ಕೊಮ್ಮೆ ಡಿಇಸಿ ಮಾತ್ರೆ, ಮುಂದೆ ಅದರ ಜೊತೆ ಆಲ್ಬೆಂಡಜೋಲ್ ಕೊಡುವ ಸಾಮೂಹಿಕ ಕಾರ್ಯಕ್ರಮ ನಡೆಯಿತು. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಯಾದಗಿರಿ ಜಿಲ್ಲೆ, ಐವರ್‌ಮೆಕ್ಟಿನ್ ಸೇರಿಸಿದ ತ್ರಿವಳಿ ಔಷಧವನ್ನು ದೇಶದಲ್ಲಿ ಮೊದಮೊದಲು ಪಡೆದ ಕೆಲವೇ ಜಿಲ್ಲೆಗಳಲ್ಲಿ ಒಂದು. 2027ರೊಳಗೆ ಈ ರೋಗವನ್ನು ದೇಶದಿಂದ ತೊಲಗಿಸುವ ಗುರಿಯನ್ನು ಸರಕಾರ ಇಟ್ಟುಕೊಂಡಿದೆ.

ಮಾತ್ರೆ ಹಂಚುವವರು ಮನೆಗೆ ಅಥವಾ ಶಾಲೆಗೆ ಬಂದಾಗ ಎರಡು ಮಾತು ಕೇಳಿಬರುತ್ತವೆ. ಮೊದಲನೆಯದು, ‘ನಮ್ಮ ಹುಡುಗಗ ಏನೂ ಆಗಿಲ್ಲ, ಮಾತ್ರಿ ಯಾಕ?’ ಉತ್ತರವನ್ನು ಈಗಾಗಲೇ ಓದಿದ್ದೀರಿ. ಏನೂ ಆಗದಂತೆ ಕಾಣುವವರ ರಕ್ತದಲ್ಲೇ ಹುಳದ ಮರಿಗಳು ಇರುವುದು. ಸೋಂಕು ಬಹುಮಟ್ಟಿಗೆ ಬಾಲ್ಯದಲ್ಲೇ ತಗಲುತ್ತದೆ, ಬಾವು ಕಾಣುವುದು ದೊಡ್ಡವರಾದ ಮೇಲೆ. ನಮ್ಮ ಮಗುವಿನ ಕಣಗಳು ರಾಜಿಗೆ ಒಪ್ಪುವ ಬಗೆಯವೋ ಕಾದಾಡುವ ಬಗೆಯವೋ ಹೇಳಬಲ್ಲ ರಕ್ತಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಒಂದೇ ಒಂದು ವಂಶವಾಹಿಯ ಮಾತಾಗಿದ್ದರೆ ಪರೀಕ್ಷೆ ಸುಲಭವಾಗುತ್ತಿತ್ತು. ಇದು ಅನೇಕ ವಂಶವಾಹಿಗಳು ಚೂರುಚೂರಾಗಿ ಕೈಹಾಕುವ ಕೆಲಸ. ಹುಳ ಬದುಕುವ ನಾಲ್ಕಾರು ವರ್ಷಗಳ ಕಾಲ ಊರಿನ ಬಹುಪಾಲು ಜನ ಮಾತ್ರೆ ನುಂಗಿದರೆ ಮಾತ್ರ ಸೊಳ್ಳೆಗೆ ಮರಿ ಸಿಗದೆ ಸರಪಳಿ ಕಡಿಯುತ್ತದೆ.

ಎರಡನೆಯ ಮಾತು, ‘ಹೋದ ಸಲ ಮಾತ್ರಿ ನುಂಗಿ ತಲಿ ತಿರುಗಿತ್ತು, ಮೈ ಬಿಸಿ ಆಗಿತ್ತು.’ ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲೂ ಹಾಗಾಯಿತು. ಊಟ ಮಾಡದೆ ಬಂದಿದ್ದ ಹುಡುಗನೊಬ್ಬ ಮಾತ್ರೆ ನುಂಗಿ ವಾಂತಿ ಮಾಡಿಕೊಂಡ. ಸಂಜೆಯೊಳಗೆ ಸರಿಹೋದ. ಆದರೆ ಮರುವರ್ಷ ಅರ್ಧ ಊರು ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು, ಹಂಚುವವರು ಬೆನ್ನು ತಿರುಗಿಸಿದೊಡನೆ ಚರಂಡಿಗೆ ಎಸೆಯಿತು. ಆ ವರ್ಷ ನಾನು ಮನೆಮನೆಗೆ ಹೋಗಿ ವಿವರಿಸಬೇಕಿತ್ತು, ಹೋಗಲಿಲ್ಲ. ಇಂದಿಗೂ ಅದು ಮನಸ್ಸಿನಲ್ಲಿ ಕುಟುಕುತ್ತದೆ.

ವಿವರಿಸಬೇಕಾಗಿದ್ದುದು ಇಷ್ಟೇ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಬಾರದು. ಡಿಇಸಿ ಔಷಧ ಹುಳದ ಮರಿಗಳ ಮೇಲೆ ನಮ್ಮ ಬಿಳಿಕಣಗಳ ನೆರವಿನಿಂದಲೇ ಕೆಲಸ ಮಾಡುತ್ತದೆ. ಗಾಜಿನ ನಳಿಗೆಯಲ್ಲಿ ಬರೀ ಹುಳಕ್ಕೆ ಹಾಕಿದರೆ ಅದರ ಪ್ರಭಾವ ಅತ್ಯಲ್ಪ. ರಕ್ತದಲ್ಲಿ ಮರಿಗಳಿದ್ದವರಲ್ಲಿ ಅವು ಒಟ್ಟಿಗೆ ಸಾಯುವಾಗ ಕಣಗಳು ಗಲಾಟೆ ಎಬ್ಬಿಸುತ್ತವೆ, ಒಂದೆರಡು ದಿನ ಜ್ವರ, ತಲೆನೋವು ಬರಬಹುದು. ಅಂದರೆ ಆ ಜ್ವರ ಎಷ್ಟೋ ಸಲ ಒಳಗೆ ಹುಳವಿತ್ತು ಎಂಬುದಕ್ಕೇ ಸಾಕ್ಷಿ. ಜ್ವರ ಜೋರಾದರೆ ಅಥವಾ ಬಿಡದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಎರಡು ವರ್ಷದೊಳಗಿನ ಕೂಸುಗಳು, ಗರ್ಭಿಣಿಯರು, ತೀವ್ರ ಕಾಯಿಲೆಯಲ್ಲಿರುವವರು ಈ ಮಾತ್ರೆ ನುಂಗಬಾರದು.

ಅಜ್ಜಿಯ ಕಾಲಿನ ಬಗ್ಗೆಯೂ ಹೇಳಬೇಕು. ಬಹುಕಾಲದ ಬಾವು ಪೂರ್ತಿ ಇಳಿಯುವುದು ಅಪರೂಪ. ಆದರೆ ಹೆಚ್ಚದಂತೆ ತಡೆಯಬಹುದು. ದಿನಾಲೂ ಸಾಬೂನು ಹಚ್ಚಿ ಶುದ್ಧ ನೀರಿನಲ್ಲಿ ಕಾಲು ತೊಳೆಯಬೇಕು. ಬೆರಳ ಸಂದಿ, ಚರ್ಮದ ಮಡಿಕೆಗಳನ್ನು ಮೆತ್ತಗಿನ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಬಿರುಕು ಕಂಡರೆ ಮುಲಾಮು ಹಚ್ಚಬೇಕು. ಕುಳಿತಾಗ, ಮಲಗಿದಾಗ ಕಾಲನ್ನು ಸ್ವಲ್ಪ ಎತ್ತರಕ್ಕೆ ಇಡಬೇಕು, ಬರಿಗಾಲಿನಲ್ಲಿ ತಿರುಗಬಾರದು. ಗಂಡಸರಿಗೆ ಬರುವ ವೃಷಣದ ಬಾವಿಗೆ ಶಸ್ತ್ರಚಿಕಿತ್ಸೆ ಉಂಟು, ನಾಚಿಕೆಯಿಂದ ಮುಚ್ಚಿಡುವ ಕಾರಣವಿಲ್ಲ.

ಕೊನೆಗೆ ಪತ್ರ ಬರೆದ ಮಗಳಿಗೆ. ನಿನ್ನ ಅಜ್ಜಿಯಿಂದ ನಿನ್ನ ಅಕ್ಕನಿಗೆ ಬಂದಿರಬಹುದಾದದ್ದು ಒಂದಿಷ್ಟು ವಂಶವಾಹಿಗಳು. ಅವು ಹುಳದ ಎದುರು ಅವಳ ಕಣಗಳು ಹೇಗೆ ನಡೆದುಕೊಂಡಾವು ಎಂಬುದರ ಒಲವನ್ನಷ್ಟೇ ಹೇಳುತ್ತವೆ. ಅಜ್ಜಿಯ ಕಾಲನ್ನು ಕಂಡು ಎದ್ದುಹೋದವರ ಮನೆಯ ಮಕ್ಕಳಲ್ಲೂ ಅಂಥವೇ ವಂಶವಾಹಿಗಳು ಇರಬಹುದು, ಅವರ ಕಣ್ಣಿಗೂ ಕಾಣವು, ನಮ್ಮ ಕಣ್ಣಿಗೂ ಕಾಣವು. ಆನೆಕಾಲು ಮುಟ್ಟಿದರೆ ಬರುವುದಿಲ್ಲ, ಮದುವೆಯಿಂದ ಬರುವುದಿಲ್ಲ, ಹುಟ್ಟಿನಿಂದ ಬರುವುದಿಲ್ಲ. ಚರಂಡಿ ಕಟ್ಟಿದ ಊರಿನಲ್ಲಿ, ಮಾತ್ರೆ ಎಸೆದ ಊರಿನಲ್ಲಿ ಬರುತ್ತದೆ.

ಈ ಪುಟವನ್ನು ಅಜ್ಜಿಗೆ ಓದಿ ಹೇಳು. ಮುಂದಿನ ಸಲ ಅಕ್ಕನನ್ನು ನೋಡಲು ಯಾರಾದರೂ ಬಂದಾಗ ಅಜ್ಜಿ ಹಿತ್ತಲಿಗೆ ಹೋಗುವುದು ಬೇಡ. ಪಡಸಾಲೆಯಲ್ಲೇ, ಎಲ್ಲರ ನಡುವೆ, ಕಾಲನ್ನು ಮಣೆಯ ಮೇಲೆ ಇಟ್ಟುಕೊಂಡು ಕೂರಲಿ. ಬಂದವರು ಏನಾದರೂ ಕೇಳಿದರೆ ಉತ್ತರ ಕೊಡಲು ನೀನಿದ್ದೀಯ.